ಹೊತ್ತ ಮನೆಯ ಕಂದಾಯ

ಪುರಸಭೆಯ ಖಜಾನೆ ಕಿಟಕಿಯಿಂದ ನನ್ನ ಕೈಗೆ ಬಂದ ಕಂದಾಯದ ಚೀಟಿಗಳು ಎರಡು. ನಾನು ಕೊಂಡದ್ದು ಒಂದೇ ಒಂದು ಖಾಲಿ ನಿವೇಶನ. ಮೊದಲನೆಯ ಚೀಟಿ ಆ ನಿವೇಶನದ ನೆಲಕ್ಕೆ ಸಂಬಂಧಿಸಿದ್ದು; ಅದರಲ್ಲಿ ನ್ಯಾಯವಾದ ಒಂದು ಮೊತ್ತವಿತ್ತು. ಎರಡನೆಯದರಲ್ಲಿ ಸೊನ್ನೆ ಇತ್ತು.

ಸೊನ್ನೆಯನ್ನು ಕಂಡು ಬೇರೆಯವರು ಹಿಗ್ಗಬಹುದು. ಒಂದು ಜನ್ಮಕ್ಕಾಗುವಷ್ಟು ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ಪ್ರತಿಯೊಂದು ಸೊನ್ನೆಯ ಹಿಂದೆಯೂ ಒಂದು ಕಾರಣವಿರುತ್ತದೆ ಎಂಬುದು ಗೊತ್ತು. ಕನ್ನಡಕ ಏರಿಸಿಕೊಂಡು ಓದಿದೆ. ‘ವಾಸದ ಮನೆ. ಕಂಬಗಳು ಆರು. ಬಿದಿರಿನ ಗೋಡೆ, ನಿಪಾ ತಾಳೆಗರಿಯ ಮಾಡು. ಮನೆ ಸಣ್ಣದಾದ್ದರಿಂದ ಕಂದಾಯವಿಲ್ಲ. ಮಾಲೀಕರು: ಎಂಗ್ರಾಸಿಯಾ ಗುಂಬಾನ್.’ ಸ್ಥಳ ಎಂಬಲ್ಲಿ ನನ್ನ ನಿವೇಶನದ ಸಂಖ್ಯೆ, ಅಂಕಿಗೆ ಅಂಕಿ ಸರಿಯಾಗಿ.

ಕಿಟಕಿಯ ಆಚೆ ಡೆಲ್ಫಾ ಎಂಬ ಗುಮಾಸ್ತೆ ಬೀಸಣಿಗೆ ಬೀಸಿಕೊಳ್ಳುತ್ತ ಕುಳಿತಿದ್ದಳು.

“ಇಂದಾಯ್,” ಎಂದೆ, ನಮ್ಮಲ್ಲಿ ಕಿರಿಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ, “ಇದು ಯಾರ ಚೀಟಿ? ನನ್ನ ಜಾಗದಲ್ಲಿ ಮನೆಯೇ ಇಲ್ಲ.”

“ಇದೆ ಮ್ಯಾಮ್. ಪುಸ್ತಕದಲ್ಲಿದೆ.”

“ಅಲ್ಲಿರೋದು ಹುಲ್ಲು. ಒಂದು ಪಪ್ಪಾಯಿ ಗಿಡ. ಬೇಕಿದ್ರೆ ಬಂದು ನೋಡು.”

“ನಾನು ಬಂದು ನೋಡಿದ್ರೆ ಪುಸ್ತಕ ಬದಲಾಗುತ್ತಾ ಮ್ಯಾಮ್? ಈ ಪುಸ್ತಕ ಹುಡುಕೋದ್ರಲ್ಲೇ ನನ್ನ ಒಂದು ಜಪಮಾಲೆ ಮುಗೀತು. ಈ ಊರಲ್ಲಿ ಎಲ್ಲರ ಮನೆತನದ ಹೆಸರೂ ‘ಗ’ ಇಂದಾನೇ ಶುರು. ಗುಂಬಾನ್ ಸಿಕ್ಕಿದ್ದೇ ಪುಣ್ಯ.”

ಹಾಸ್ಯಕ್ಕೆ ನಾನು ನಗಲಿಲ್ಲ. ಕಚೇರಿಯಲ್ಲಿ ಕುಳಿತವರು ಹಾಸ್ಯವನ್ನು ಹೆಚ್ಚಾಗಿ ಬಾಗಿಲಿನ ಅಗುಳಿಯಂತೆ ಬಳಸುತ್ತಾರೆ. ಆಗ ಡೆಲ್ಫಾ ಬೀಸಣಿಗೆಯನ್ನು ಕೆಳಗಿಟ್ಟು, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.

“ನೋಡಿ ಮ್ಯಾಮ್. ನೆಲಕ್ಕೆ ಒಂದು ಖಾತೆ, ಅದರ ಮೇಲಿನ ಮನೆಗೆ ಇನ್ನೊಂದು ಖಾತೆ. ಎರಡೂ ಬೇರೆ ಬೇರೆ. ನೆಲದ ಖಾತೆ ನಿಮ್ಮ ಹೆಸರಿಗೆ ಬರಬೇಕು ಅಂದ್ರೆ, ಇದರ ಮೇಲೆ ಕಟ್ಟಡ ಇಲ್ಲ ಅಂತ ನಮ್ಮ ಕಚೇರಿಯ ಪ್ರಮಾಣಪತ್ರ ಬೇಕು. ಪುಸ್ತಕದಲ್ಲಿ ಮನೆ ನಿಂತಿರೋವಾಗ ಇಲ್ಲ ಅಂತ ಬರೆಯೋಕೆ ನಂಗೇನು ಹುಚ್ಚಾ?”

“ಖಾತೆ ಆಗದಿದ್ದರೆ?”

“ಮನೆ ಕಟ್ಟೋ ಪರವಾನಗಿ ಸಿಗಲ್ಲ. ಆದ್ರೆ ಯಾರು ಪರವಾನಗಿಗೆ ಕಾಯ್ತಾರೆ ಮ್ಯಾಮ್? ನೀವೂ ಕಟ್ಟಿಬಿಡಿ.”

ಕಟ್ಟಿಬಿಡುವವರಿಂದಲೇ ಈ ದೇಶ ಹೀಗಾಗಿದೆ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ನನ್ನ ಕಷ್ಟ ನನಗಿತ್ತು. ಬೆಟ್ಟದ ಶಾಲೆಯ ಶಿಕ್ಷಕರ ವಸತಿಯಲ್ಲಿ ಮೂವತ್ತೆಂಟು ವರ್ಷ ಬಾಳಿದ್ದೆ. ನಿವೃತ್ತಿಯಾಗಿತ್ತು. ಜೂನ್‌ನಲ್ಲಿ ಶಾಲೆ ತೆರೆಯುವಾಗ ಆ ವಸತಿ ಹೊಸ ಶಿಕ್ಷಕಿಗೆ ಸೇರಬೇಕು. ಬಡಗಿ ನಾಲ್ಕು ವಾರದಲ್ಲಿ ಎರಡು ಕೋಣೆ ಎಬ್ಬಿಸಿಕೊಡುವುದಾಗಿ ಒಪ್ಪಿದ್ದ. ಆಗಲೇ ಏಪ್ರಿಲ್ ಮುಗಿಯುತ್ತ ಬಂದಿತ್ತು. ಆದರೆ ಪರವಾನಗಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಸುವವಳು ನಾನಲ್ಲ.

“ಈ ಎಂಗ್ರಾಸಿಯಾ ಯಾರು?”

“ಒಬ್ಬ ಅಜ್ಜಿ. ಪ್ರತಿ ಜನವರಿ ತಪ್ಪದೇ ಬರ್ತಾರೆ. ‘ಅಜ್ಜಿ, ನಿಮ್ಮ ಮನೆಗೆ ಕಂದಾಯ ಇಲ್ಲ, ಬಿಸಿಲಲ್ಲಿ ಯಾಕೆ ಬರ್ತೀರಿ’ ಅಂದ್ರೆ ಕೇಳಲ್ಲ. ನಕಲು ತೆಗೆಸಿ, ಮೊಹರು ಹಾಕಿಸಿ, ಅದರ ಶುಲ್ಕ ಕೊಟ್ಟು ಹೋಗ್ತಾರೆ. ನಾನಿಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ಒಂದು ವರ್ಷಾನೂ ತಪ್ಪಿಸಿಲ್ಲ.”

ಆ ಕ್ಷಣದಲ್ಲಿ ನನ್ನ ಸಂದೇಹಕ್ಕೆ ಬೇರು ಸಿಕ್ಕಿತು. ಕೊಡಬೇಕಾದ ಕಂದಾಯವನ್ನೇ ಕೊಡದೆ ಅಡಗುವ ಜನರ ನಡುವೆ, ಇಲ್ಲದ ಕಂದಾಯಕ್ಕಾಗಿ ಸಾಲಿನಲ್ಲಿ ನಿಲ್ಲುವ ಮುದುಕಿ! ಇಲ್ಲದ ಮನೆಯನ್ನು ನನ್ನ ನೆಲದ ಮೇಲೆ ವರ್ಷವರ್ಷವೂ ಮೊಹರಿನಿಂದ ನಿಲ್ಲಿಸುತ್ತಿರುವವಳು!

ನನಗೆ ಜಾಗ ಮಾರಿದವನು ಗವೀನೊ ಗಲೀದೊ. ನಗರದಲ್ಲಿ ವ್ಯಾಪಾರ ಮಾಡಿಕೊಂಡಿದ್ದಾನೆ. ಪುರಸಭೆಯ ಮೆಟ್ಟಿಲ ಮೇಲೆ ನಿಂತೇ ಅವನಿಗೆ ಫೋನು ಮಾಡಿದೆ.

“ಆಕೇನಾ ಮ್ಯಾಮ್? ನಮ್ಮಜ್ಜನ ಕಾಲದಲ್ಲಿ ಆ ಜಾಗದಲ್ಲಿದ್ದೋರು. ಬಿಟ್ಟುಹೋಗಿ ಯಾವ ಕಾಲವಾಯ್ತೋ.”

“ಬಿಟ್ಟುಹೋದವಳಿಗೆ ಕಾಗದ ಯಾಕೆ ತೊತೊ?” ತಮ್ಮನನ್ನು ಕರೆಯುವ ಸಲಿಗೆಯಿಂದ ಕೇಳಿದೆ.

ಅವನು ದನಿ ತಗ್ಗಿಸಿದ. “ನಾನು ಹೇಳ್ದೆ ಅಂತ ಹೇಳ್ಬೇಡಿ ಮ್ಯಾಮ್. ಕೋರ್ಟಿಗೆ ಹೋದ್ರೆ, ವರ್ಷಗಟ್ಲೆ ಕಂದಾಯದ ಕಾಗದ ಇಟ್ಕೊಂಡೋರ ಮಾತಿಗೆ ತೂಕ ಜಾಸ್ತಿ. ಹುಷಾರಾಗಿರಿ.”

“ಇದನ್ನು ಮಾರೋಕೆ ಮುಂಚೆ ಹೇಳಬೇಕಿತ್ತು.”

“ಮುಂಚೆ ನೀವು ಕೇಳ್ಲಿಲ್ವಲ್ಲ,” ಎಂದ. ಅಷ್ಟರಲ್ಲಿ ಅವನ ಫೋನಿನ ಬ್ಯಾಟರಿ ಮುಗಿಯಿತಂತೆ.

ನೇರವಾಗಿ ನಿವೇಶನಕ್ಕೆ ನಡೆದೆ. ನನ್ನ ಹುಲ್ಲಿನ ನಡುವೆ ಒಂದು ಗೂಟ, ಗೂಟಕ್ಕೆ ಒಂದು ಮೇಕೆ, ಮೇಕೆಯ ಪಕ್ಕದಲ್ಲಿ ಕೊಡೆ ಹಿಡಿದ ಒಬ್ಬ ಮುದುಕಿ. ಆಕೆ ಮೇಕೆಯನ್ನು ನೋಡುತ್ತಿರಲಿಲ್ಲ; ನೆಲವನ್ನು ನೋಡುತ್ತಿದ್ದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಣ್ಣಲ್ಲೇ ಅಳೆಯುತ್ತಿದ್ದಳು. ಹಿಂದೆ ಎರಡು ಸಲ ಬಂದಾಗಲೂ ಬೇಲಿಯ ಬಳಿ ಇದೇ ಕೊಡೆಯನ್ನು ಕಂಡಿದ್ದೆ ಎಂಬುದು ಆಗ ನೆನಪಾಯಿತು.

“ಮನಾಂಗ್,” ಎಂದೆ, ಹಿರಿಯಕ್ಕನನ್ನು ಕರೆಯುವ ಮರ್ಯಾದೆಯಿಂದಲೇ, “ಈ ಮೇಕೆ ನಿಮ್ಮದಾ?”

“ಮೇಕೆ ನಂದೇ. ಹುಲ್ಲು ಯಾರ್ದು ಅಂತ ಮೇಕೆಗೆ ಗೊತ್ತಿಲ್ಲ.”

“ನಿಮಗೆ ಗೊತ್ತಿದೆಯಲ್ಲ?”

“ನಂಗೆ ಬೇಕಾದಷ್ಟು ಗೊತ್ತಿದೆ ಮ್ಯಾಮ್. ನಿಮ್ಗೂ ಗೊತ್ತಿದೆ.” ಆಕೆ ಕೊಡೆಯನ್ನು ಓರೆ ಮಾಡಿ ನನ್ನ ಮುಖವನ್ನು, ಅದರಲ್ಲೂ ಗಲ್ಲದ ಮೇಲಿನ ಮಚ್ಚೆಯನ್ನು, ಬಹಳ ಹೊತ್ತು ನೋಡಿದಳು. “ಕ್ರಯಪತ್ರದಲ್ಲಿ ಏನಂತ ಇದೆ? ಬರೀ ಜಾಗ ಅಂತಾನಾ?”

“‘ಜಾಗವು ತನ್ನ ಮೇಲಿರುವ ಸಮಸ್ತದೊಡನೆ’ ಅಂತ ಇದೆ. ಎಲ್ಲ ಕ್ರಯಪತ್ರದಲ್ಲೂ ಹಾಗೇ ಇರುತ್ತೆ.”

“ಸಮಸ್ತದೊಡನೆ,” ಎಂದು ಆಕೆ ಒಂದೊಂದೇ ಅಕ್ಷರವನ್ನು ಅಗಿದಳು. “ಹ್ಞಾ. ಅಂದ್ಕೊಂಡೆ. ಪಪ್ಪಾಯಿ ತಗೊಳ್ಳಿ ಮ್ಯಾಮ್, ಚೆನ್ನಾಗಿ ಬಿಡುತ್ತೆ. ಬೇರೆ ಏನಾದ್ರೂ ತಗೊಳ್ಳೋಕೆ ಬಂದ್ರೆ ಮಾತ್ರ ನನ್ನ ಕತ್ತಿ ಚೂಪಾಗಿದೆ.”

ಮೇಕೆಯನ್ನು ಬಿಚ್ಚಿಕೊಂಡು ರಸ್ತೆ ದಾಟಿ ಹೊಳೆಯ ಕಡೆಗೆ ಇಳಿದಳು. ಅಲ್ಲಿ, ಹೊಳೆದಂಡೆಯ ಮೇಲೆ, ಅವಳ ಮನೆ. ಮಾಡಿಗೆ ತಗಡು ಬಂದಿತ್ತು, ಗೋಡೆ ಬಿದಿರಿನದೇ. ಅದರ ಕಂಬಗಳನ್ನು ಎಣಿಸಿದೆ. ಆರು.

ಕೂಡುವ ಕಳೆಯುವ ಲೆಕ್ಕ ಬಲ್ಲ ಯಾರಿಗಾದರೂ ಉಳಿದದ್ದು ಸ್ಪಷ್ಟವಾಗಿತ್ತು. ತಾನು ವಾಸಿಸುವ ಮನೆಯನ್ನೇ ನನ್ನ ನೆಲದಲ್ಲಿದೆ ಎಂದು ಬರೆಸಿ, ವರ್ಷಕ್ಕೊಮ್ಮೆ ಆ ಸುಳ್ಳಿಗೆ ಸರ್ಕಾರದ ಮೊಹರು ಒತ್ತಿಸಿಕೊಂಡು, ಮುಂದೊಂದು ದಿನ ನ್ಯಾಯಾಲಯದಲ್ಲಿ ಕಂತೆಯನ್ನು ಬಿಚ್ಚುವುದು ಅವಳ ಯೋಜನೆ. ಸುಳ್ಳನ್ನು ಒಮ್ಮೆ ಹೇಳುವವನು ಬಲಹೀನನಿರಬಹುದು. ಪ್ರತಿ ಜನವರಿಯಲ್ಲೂ ಹೇಳುವವನು ದುಷ್ಟ. ಅಂದೇ ಎರಡು ಪುಟಗಳ ದೂರು ಬರೆದೆ. ‘ಸುಳ್ಳು ಪ್ರಮಾಣ’ ಎಂಬ ಪದಗಳ ಕೆಳಗೆ ಕೆಂಪು ಗೆರೆ ಎಳೆದೆ. ಇಬ್ಬರನ್ನೂ ಎದುರುಬದುರು ಕೂರಿಸಿ ವಿಚಾರಿಸಬೇಕೆಂದು ಕೋರಿ ಕಚೇರಿಗೆ ಕೊಟ್ಟೆ.

ಬುಧವಾರ ಕರೆ ಬಂತು. ಎಂಗ್ರಾಸಿಯಾ ಇಗರ್ಜಿಗೆ ಹೋಗುವ ಉಡುಪಿನಲ್ಲಿ ಬಂದಿದ್ದಳು. ತೊಡೆಯ ಮೇಲೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಅದರ ಮೇಲೆ ಎರಡೂ ಕೈ. ಡೆಲ್ಫಾ ನನ್ನ ದೂರನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, “ಅಜ್ಜಿ, ಇದಕ್ಕೆ ಏನಂತೀರಿ?” ಎಂದಳು.

“ಇಂದಾಯ್, ಕಳ್ಳನೇ ಗಂಟೆ ಹೊಡೆದು ಊರು ಸೇರಿಸಿದ ಹಾಗಾಯ್ತು. ಇವ್ರು ನನ್ನ ಮನೆ ಹೊಡೆಯೋಕೆ ಬಂದಿದಾರೆ. ಇವತ್ತು ನಿನ್ನೆ ಅಲ್ಲ, ಮೂವತ್ತೆಂಟು ವರ್ಷದಿಂದ ಕಾದಿದಾರೆ.”

“ಏನು ಮಾತಾಡ್ತಿದೀರಿ ಮನಾಂಗ್?” ನನಗೆ ಮೈ ಉರಿಯಿತು. “ಹೋದ ವಾರದವರೆಗೆ ನಿಮ್ಮ ಮುಖವನ್ನೇ ನಾನು ನೋಡಿರಲಿಲ್ಲ.”

“ನಾನು ನೋಡಿದ್ದೆ. ಸಣ್ಣಗಿದ್ರಿ ಆವಾಗ. ಮಚ್ಚೆ ಮಾತ್ರ ಅದೇ.”

ಡಬ್ಬಿಯ ಮುಚ್ಚಳ ಕಿರುಗುಟ್ಟಿ ತೆರೆಯಿತು. ವರ್ಷಕ್ಕೊಂದರಂತೆ ಮೊಹರಿನ ನಕಲುಗಳು, ಮಡಿಕೆಗೆ ಮಡಿಕೆ ಸೇರಿಸಿ ಜೋಡಿಸಿದ್ದವು. ಅವುಗಳ ತಳದಿಂದ ಆಕೆ ಹಳದಿಯಾದ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟಳು. ಮನೆಯ ಮೊಟ್ಟಮೊದಲ ಘೋಷಣಾ ಪತ್ರ. ನೀಲಿ ಶಾಯಿಯ ಅಕ್ಷರಗಳು ಗೆರೆ ಎಳೆದಂತೆ ನೇರವಾಗಿದ್ದವು. ಕೊನೆಯಲ್ಲಿ, ಮಾಲೀಕಳ ಹೆಬ್ಬೆರಳ ಗುರುತಿನ ಪಕ್ಕದಲ್ಲಿ: ‘ಬರೆದವರು, ಫೆಲಿಸಿಸಿಮಾ ಗೆನ್ಸಿಯಾನ, ಶಿಕ್ಷಕಿ.’

ಅದು ನನ್ನ ಹೆಸರು. ಅದು ನನ್ನ ಬರಹ.

ಡೆಲ್ಫಾ ಹಾಳೆಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದಳು. “ಮ್ಯಾಮ್, ಈ ಸುಳ್ಳು ಪ್ರಮಾಣಕ್ಕೆ ಕೆಂಪು ಗೆರೆ ಯಾರ ಹೆಸರಿನ ಕೆಳಗೆ ಎಳೀಬೇಕು?”

ನಿಧಾನವಾಗಿ ನೆನಪು ಬಂತು. ನನ್ನ ಕೆಲಸದ ಮೊದಲ ವರ್ಷ. ಬೆಟ್ಟಕ್ಕೆ ವರ್ಗವಾಗುವ ಮುನ್ನ ಈ ಊರಿನ ಶಾಲೆಯಲ್ಲೇ ಇದ್ದೆ. ಮನೆಗಳನ್ನು ಘೋಷಿಸಿಕೊಳ್ಳಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. ಓದುಬರಹ ಬಾರದವರಿಗೆ ಬರೆದುಕೊಡಲು ಶಿಕ್ಷಕಿಯರನ್ನು ಕೂರಿಸಿದ್ದರು. ಒಂದು ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ನೂರಕ್ಕೂ ಹೆಚ್ಚು ಹಾಳೆ ಬರೆದಿದ್ದೆ. ಆ ನೂರು ಮುಖಗಳಲ್ಲಿ ಇವಳದೂ ಒಂದು.

“ಅವತ್ತು ಏನಾಯ್ತು ಅಂತ ನಾನು ಹೇಳ್ಲಾ, ನೀವೇ ಹೇಳ್ತೀರಾ ಮಿಸ್?” ಎಂದಳು ಎಂಗ್ರಾಸಿಯಾ. ಉತ್ತರಕ್ಕೆ ಕಾಯದೆ ಆಕೆ ಡೆಲ್ಫಾಳ ಕಡೆ ತಿರುಗಿದಳು. “ಆ ಜಾಗದ ಗಲೀದೊ ಮುದುಕ ನಮ್ಮನ್ನ ಎಬ್ಬಿಸಿದ್ದ. ಹೊಳೆದಂಡೇಲಿ ನಮ್ಮಪ್ಪ ಬಿಟ್ಟುಹೋದ ತುಂಡಿತ್ತು. ಶನಿವಾರ ಮನೆ ಹೊರೋದು ಅಂತ ಗೊತ್ತಾಗಿತ್ತು. ನಲವತ್ತು ಗಂಡಸರಿಗೆ ಹೇಳಿ, ಗಂಜಿಗೆ ಕೋಳಿ ಹಿಡಿದು, ತೆಂಗಿನ ಹೆಂಡ ತರಿಸಿ ಆಗಿತ್ತು. ಶುಕ್ರವಾರ ಈ ಮಿಸ್ ಹತ್ರ ಹೋಗಿ, ‘ಮಿಸ್, ಮನೆ ನಾಳೆ ಹೊಳೆದಂಡೆಗೆ ಹೋಗುತ್ತೆ, ಅಲ್ಲಿಂದೇ ನಂಬರ್ ಬರೀರಿ’ ಅಂದೆ. ಏನಂದ್ರು ಗೊತ್ತಾ?”

ನನಗೆ ಈಗ ಗೊತ್ತಿತ್ತು. ಇಪ್ಪತ್ತೇಳರ ನನ್ನ ದನಿ ಕಿವಿಯಲ್ಲೇ ಇತ್ತು. ಅದನ್ನು ಹೇಳುವ ಹೊಣೆ ನನ್ನದೇ ಎನ್ನಿಸಿತು.

“‘ಮನೆ ಇವತ್ತು ಎಲ್ಲಿದೆಯೋ ಅಲ್ಲೇ ಇದೆ ಅಂತ ಬರೀಬೇಕು. ನಾಳೆ ಇರೋದನ್ನ ಇವತ್ತು ಬರೆದರೆ ಅದು ಸುಳ್ಳು ಪ್ರಮಾಣ ಆಗುತ್ತೆ’ ಅಂದೆ.”

“ಅಂದ್ರಿ. ನನ್ನ ಹೆಬ್ಬೆಟ್ಟು ಹಿಡಿದು ಒತ್ತಿಸಿದ್ರಿ. ಆಮೇಲೆ, ‘ಪ್ರತಿ ಜನವರಿ ಹೋಗಿ ನಕಲು ತಗೊಳ್ಳಿ, ಇಲ್ಲದಿದ್ರೆ ಮನೆ ನಿಮ್ಮದು ಅಂತ ಯಾರೂ ನಂಬಲ್ಲ’ ಅಂದ್ರಿ. ಟೀಚರ್ ಹೇಳಿದ್ಮೇಲೆ ಮುಗೀತು. ನನ್ನ ಗಂಡ ಸತ್ತ ವರ್ಷಾನೂ ಮಣ್ಣು ಮಾಡಿ ಮೂರನೇ ದಿನ ಬಂದು ತಗೊಂಡೋಗಿದೀನಿ.” ಆಕೆ ಮುಂದಕ್ಕೆ ಬಾಗಿದಳು. “ಓದೋಕೆ ಬರಲ್ಲ ನಂಗೆ. ನಂಬರ್ ಹಳೇದೇ ಉಳಿದಿದೆ ಅಂತ ಗೊತ್ತಿತ್ತು, ಟೀಚರ್ ಬರೆದಿದ್ದು ಅಂತ ಸುಮ್ನಿದ್ದೆ. ಈಗ ನೋಡಿದ್ರೆ, ನನ್ನ ಮನೇನ ಆ ಜಾಗಕ್ಕೆ ಬರೆದೋರೇ ಬಂದು ಆ ಜಾಗ ಕೊಂಡಿದಾರೆ. ‘ಸಮಸ್ತದೊಡನೆ’! ನೀನೇ ಹೇಳು ಇಂದಾಯ್, ನನ್ನ ಜಾಗದಲ್ಲಿ ನೀನಿದ್ರೆ ಏನ್ ಅಂದ್ಕೋತಿದ್ದೆ?”

ಡೆಲ್ಫಾಳ ಕಣ್ಣು ನನ್ನ ಮೇಲೆ ನೆಟ್ಟಿತ್ತು; ಆ ನೋಟದಲ್ಲಿ ನಾನು ಕಳೆದ ವಾರವೆಲ್ಲ ಆ ಮುದುಕಿಯನ್ನು ನೋಡಿದ ನೋಟವೇ ಇತ್ತು. ನನ್ನ ವಿರುದ್ಧದ ಸಾಕ್ಷ್ಯವನ್ನು ನಾನೇ ತೂಗಿ ನೋಡಿದೆ. ಅವಳ ವಿರುದ್ಧ ನಾನು ಒಡ್ಡಿದ್ದಕ್ಕಿಂತ ಅದು ಗಟ್ಟಿಯಾಗಿತ್ತು.

“ನನಗೆ ನೆನಪೇ ಇರಲಿಲ್ಲ ಮನಾಂಗ್,” ಎಂದೆ. ಶಾಲೆಯಲ್ಲಿ ಮಕ್ಕಳು ಈ ಮಾತು ಹೇಳಿದಾಗ ನಾನೆಂದೂ ನಂಬಿರಲಿಲ್ಲ. ಎಂಗ್ರಾಸಿಯಾ ಕೂಡ ನಂಬಿದಂತೆ ಕಾಣಲಿಲ್ಲ.

ಡೆಲ್ಫಾ ಒಂದು ಅರ್ಜಿ ನಮೂನೆ ತೆಗೆದಳು. “ಸರಿ, ಆಗಿದ್ದು ಆಯ್ತು. ಇದನ್ನ ಈಗಲೇ ಮುಗಿಸಬಹುದು. ಇಲ್ನೋಡಿ ಮ್ಯಾಮ್. ಪುಸ್ತಕದಿಂದ ಮನೆ ತೆಗೆಯೋಕೆ ಒಂದೇ ಚೌಕ: ‘ಕೆಡವಲಾಗಿದೆ’. ಅಲ್ಲಿ ಗುರುತು ಹಾಕಿ. ಜಾಗದವರು ನೀವು, ನಿಮ್ಮ ಸಹಿ ಸಾಕು. ಮಧ್ಯಾಹ್ನದೊಳಗೆ ಪ್ರಮಾಣಪತ್ರ ಕೊಡ್ತೀನಿ. ನಾಳೆಯಿಂದ ಬಡಗಿ ಕರೆಸಿ.”

“ಮತ್ತೆ ಅವರ ಮನೆ?”

“ಅಲ್ಲಿ ‘ಹೊಸದಾಗಿ ಕಟ್ಟಿದ್ದು’ ಅಂತ ಅವರು ಬೇರೆ ಅರ್ಜಿ ಹಾಕ್ಲಿ.”

“ಹೊಳೆದಂಡೇಲಿ ಹೊಸ ಮನೆಗೆ ಬಿಡಲ್ಲ ಅಂತ ಜನವರೀಲಿ ನೀನೇ ಹೇಳಿದ್ಯಲ್ಲೇ,” ಎಂದಳು ಎಂಗ್ರಾಸಿಯಾ. ದನಿಯಲ್ಲಿ ಈಗ ವ್ಯಂಗ್ಯವಿರಲಿಲ್ಲ.

ಡೆಲ್ಫಾ ಬೀಸಣಿಗೆಯತ್ತ ಕೈ ಚಾಚಿದಳು. “ನಿಯಮ ಹಾಗಿದೆ ಅಜ್ಜಿ. ಹಳೇ ಮನೆಗಳಿಗೆ ತೊಂದ್ರೆ ಇಲ್ಲ. ಹೊಸದಕ್ಕೆ ಅನುಮತಿ ಇಲ್ಲ.”

“ಅದು ಹಳೆಯ ಮನೆಯೇ!” ನನ್ನ ದನಿ ಏರಿತು. “ಅದನ್ನು ಕೆಡವಿಲ್ಲ. ಹೊಸದಾಗಿ ಕಟ್ಟಿಲ್ಲ. ಹೊತ್ತುಕೊಂಡು ಹೋಗಿದಾರೆ. ಅದಕ್ಕೆ ಚೌಕ ಎಲ್ಲಿ?”

“ಹೊತ್ತದ್ದಕ್ಕೆ ಚೌಕ ಇಲ್ಲ ಮ್ಯಾಮ್. ಈ ನಮೂನೆ ರಾಜಧಾನಿಯಲ್ಲಿ ಮಾಡಿದ್ದು. ಅಲ್ಲಿ ಯಾರು ಮನೆ ಹೊರ್ತಾರೆ?”

ನಮ್ಮ ದ್ವೀಪದಲ್ಲಿ ಮನೆ ಹೊರದ ಊರು ಯಾವುದಿದೆ? ಕಂಬ ಕಿತ್ತು, ತಳಕ್ಕೆ ಗಳ ಕಟ್ಟಿ, ನೆರೆಹೊರೆಯವರು ಹೆಗಲು ಕೊಟ್ಟು ನಡೆಯುವುದನ್ನು ಪಠ್ಯಪುಸ್ತಕದ ಚಿತ್ರ ತೋರಿಸಿ ನಾನೇ ಮಕ್ಕಳಿಗೆ ಕಲಿಸಿದ್ದೇನೆ. ಸಹಕಾರವೇ ನಮ್ಮ ಜನರ ಗುಣವೆಂದು ಕಂಠಪಾಠ ಮಾಡಿಸಿದ್ದೇನೆ. ಪುಸ್ತಕದಲ್ಲಿ ಹೊಗಳುವುದಕ್ಕೆ ಅರ್ಜಿಯಲ್ಲಿ ಅರ್ಧ ಅಂಗುಲ ಜಾಗ ಬಿಡದ ಸರ್ಕಾರವನ್ನು ಏನೆಂದು ಕರೆಯಬೇಕು?

ಆದರೆ ಆ ಚೌಕ ನನ್ನ ಮುಂದೆಯೇ ಇತ್ತು. ಲೇಖನಿಯೂ ಇತ್ತು. ಒಂದು ಗುರುತು ಹಾಕಿದರೆ ಜೂನ್‌ನಲ್ಲಿ ನನ್ನ ತಲೆಯ ಮೇಲೆ ಮಾಡು. ನನ್ನ ಜಾಗದಲ್ಲಿ ಮನೆ ಇಲ್ಲವೆಂಬುದು ನಿಜವೂ ಹೌದು. ‘ಕೆಡವಲಾಗಿದೆ’ ಎಂಬ ಒಂದೇ ಪದ ಮಾತ್ರ ಸುಳ್ಳು. ಆ ಪದವೂ ನನ್ನದಲ್ಲ, ಅಚ್ಚು ಹಾಕಿದ್ದು. ನಾಚಿಕೆಯಿಂದ ಹೇಳುತ್ತೇನೆ, ಅಷ್ಟರವರೆಗೂ ನಾನು ವಾದಿಸಿಕೊಂಡೆ. ಎಂಗ್ರಾಸಿಯಾ ಡಬ್ಬಿಯ ಮುಚ್ಚಳವನ್ನು ಮುಚ್ಚಿ, ನನ್ನ ಕೈಯನ್ನೇ ನೋಡುತ್ತಿದ್ದಳು. ಮೂವತ್ತೆಂಟು ವರ್ಷದ ಹಿಂದೆಯೂ ಅವಳು ಹೀಗೆಯೇ ಕುಳಿತು, ಇದೇ ಕೈಯನ್ನು, ಓದಲಾರದ ಕಣ್ಣುಗಳಿಂದ ನೋಡಿರಬೇಕು.

ನಾನು ನಮೂನೆಯನ್ನು ತಿರುಗಿಸಿ ಹಿಂದಿನ ಬಿಳಿ ಬದಿಯಲ್ಲಿ ಬರೆಯತೊಡಗಿದೆ.

“ಮ್ಯಾಮ್, ಅಲ್ಲಿ ಬರೆಯೋ ಹಾಗಿಲ್ಲ.”

“ಇಲ್ಲಿ ಬರೆಯಬಾರದು ಅಂತ ಎಲ್ಲಿ ಬರೆದಿದೆ? ತೋರಿಸು.”

ಅವಳು ಹುಡುಕಿದಳು; ಸಿಗಲಿಲ್ಲ. ನಾನು ಬರೆದೆ: ಈ ಮನೆಯನ್ನು ಕೆಡವಿಲ್ಲ, ಹೊಸದಾಗಿ ಕಟ್ಟಿಯೂ ಇಲ್ಲ, ಆ ಶನಿವಾರ ನಲವತ್ತು ಜನ ಹೊತ್ತು ಹೊಳೆದಂಡೆಯಲ್ಲಿ ಇಳಿಸಿದರು, ಹಿಂದಿನ ದಿನ ತಪ್ಪು ಸ್ಥಳ ಉಳಿಯುವಂತೆ ಬರೆದವಳು ನಾನು, ಮಾಲೀಕಳು ಸರಿಯಾದದ್ದನ್ನು ಹೇಳಿದರೂ ಕೇಳದವಳು ನಾನು. ಆ ಕೊನೆಯ ವಾಕ್ಯ ಬರೆಯಲು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿದೆ.

“ಇನ್ನೊಂದ್ಸಲ ಓದಿ,” ಎಂದಳು ಎಂಗ್ರಾಸಿಯಾ. ಓದಿದೆ. “ಕೊನೇದು ಮಾತ್ರ ಇನ್ನೊಂದ್ಸಲ.” ಅದನ್ನೂ ಓದಿದೆ.

ಡೆಲ್ಫಾ ನಿಟ್ಟುಸಿರು ಬಿಟ್ಟಳು. “ಇದನ್ನ ನೋಟರಿ ಮುಂದೆ ಪ್ರಮಾಣ ಮಾಡಿ ಕೊಡಿ. ಹೊತ್ತೋರಲ್ಲಿ ಇಬ್ಬರ ಸಾಕ್ಷಿ ಬೇಕು. ಕಂದಾಯದ ಇನ್ಸ್‌ಪೆಕ್ಟರು ಬಂದು ಎರಡೂ ಜಾಗ ನೋಡಬೇಕು. ಅವರು ಬರೋದು ಜುಲೈಗೆ.”

ಎಂಗ್ರಾಸಿಯಾ ಬೆರಳು ಮಡಿಸಿ ಎಣಿಸಿದಳು. ಹೊತ್ತ ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಊರೇ ಸ್ಮಶಾನಕ್ಕೆ ಹೊತ್ತು ಕಳಿಸಿತ್ತು; ಉಳಿದವರಲ್ಲಿ ಹೆಚ್ಚಿನವರು ಊರು ಬಿಟ್ಟಿದ್ದರು. “ಎಡಮೂಲೆ ಹಿಡಿದಿದ್ದ ನನ್ನ ಭಾವ ಇದಾನೆ. ಇನ್ನೊಬ್ಬ ಗೊರ್ಗೊನಿಯೊ. ಅವನಿಗೆ ಈಗ ಕಣ್ಣು ಕಾಣಲ್ಲ.”

“ಕಣ್ಣಿಲ್ಲದಿದ್ರೆ ಸಾಕ್ಷಿ ಹೇಗೆ ಅಜ್ಜಿ?” ಎಂದಳು ಡೆಲ್ಫಾ.

“ಯಾಕೆ, ಅವನೇನು ಕಣ್ಣಲ್ಲಿ ಹೊತ್ತಿದ್ನಾ?”

ಅಂದು ಮೊದಲ ಬಾರಿಗೆ ನಾನು ನಕ್ಕೆ. ನಕ್ಕ ಮರುಕ್ಷಣವೇ ಜುಲೈ ಎಂಬ ಮಾತು ಎದೆಯ ಮೇಲೆ ಕುಳಿತಿತು. ಹೊರಗೆ ಮೆಟ್ಟಿಲ ಮೇಲೆ ಎಂಗ್ರಾಸಿಯಾ ಕೊಡೆ ಬಿಚ್ಚಿದಳು. ನನಗೂ ನೆರಳಾಗುವಂತೆ ಹಿಡಿದಳೋ, ಕೈ ಸೋತು ವಾಲಿಸಿದಳೋ ತಿಳಿಯಲಿಲ್ಲ.

“ಜುಲೈ ತನಕ ಎಲ್ಲಿರ್ತೀರಿ ಮಿಸ್?”

“ನೋಡಬೇಕು.”

“ನನ್ನ ಮನೇಲಿರಿ. ಕಾಗದದ ಪ್ರಕಾರ ಅದು ನಿಮ್ಮ ಜಾಗದಲ್ಲೇ ಇದೆಯಲ್ಲ.” ನಾಲ್ಕು ಹೆಜ್ಜೆ ನಡೆದು ನಿಂತಳು. “ಬಾಡಿಗೆ ಬೇಡ. ಆದ್ರೆ ಆ ಡಬ್ಬಿಯೊಳಗಿನದೆಲ್ಲ ನಂಗೆ ಓದಿ ಹೇಳ್ಬೇಕು. ಒಂದೊಂದೂ. ಮತ್ತೆ, ನೀವು ಓದಿದ್ದು ಸರಿಯಾ ಅಂತ ನಾನು ಡೆಲ್ಫಾನ ಕೇಳ್ತೀನಿ.”

ಮೇ ತಿಂಗಳ ಕೊನೆಯ ವಾರ ನನ್ನ ಎರಡು ಪೆಟ್ಟಿಗೆ, ಒಂದು ಕುರ್ಚಿಯೊಡನೆ ಆ ಆರು ಕಂಬದ ಮನೆಗೆ ಬಂದೆ. ದಿನಕ್ಕೆ ಒಂದು ಕಾಗದದಂತೆ ಓದುತ್ತಿದ್ದೇನೆ. ಕಾಫಿ, ಒಣಮೀನು, ಅಂಟಕ್ಕಿಯ ಕಡುಬು ಹೊತ್ತಿಗೆ ಸರಿಯಾಗಿ ಸಿಗುತ್ತವೆ, ಮಾತಿಗೂ ಕೊರತೆಯಿಲ್ಲ. ಬಂದ ಮರುದಿನ ಬೆಳಿಗ್ಗೆ ಹಾಸಿಗೆ ಮಡಿಸುವಾಗ, ಅವಳ ದಿಂಬಿನ ಕೆಳಗೆ ಬಿಸ್ಕತ್ತಿನ ಡಬ್ಬಿಯ ಮೂಲೆ ಕಂಡಿತು. ನಾನು ನೋಡಿದ್ದನ್ನು ಅವಳೂ ನೋಡಿದಳು. ಬೇಸರ ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ. ಅಷ್ಟರಲ್ಲಿ ನನ್ನ ಚಾಪೆಯನ್ನು ಸುತ್ತಲು ಅವಳು ಬಗ್ಗಿದಳು, ಮತ್ತು ಅದರ ಕೆಳಗಿಂದ ನನ್ನ ಕ್ರಯಪತ್ರ ಜಾರಿ ಬಿದ್ದಿತು.